ಮೂಲೆಗಳು ಎರಡು ಮೀಟರ್ ಜರುಗಿದ್ದವು, ಸರಿಪಡಿಸಿದ್ದು ಹೀಗೆ

ಪುಣೆ ಹತ್ತಿರ ಮುಳಶಿ ತಾಲೂಕಿನಲ್ಲಿ ವಿಜಯಪುರ ಕಡೆಯವರ ಹೊಲ. ಸಾತ್‌ಬಾರಾ ಉತಾರೆಯಲ್ಲಿ (ಮಹಾರಾಷ್ಟ್ರದ ಜಮೀನು ದಾಖಲೆ, ನಮ್ಮ ಪಹಣಿಯಂಥದ್ದು) ತಕರಾರಿಲ್ಲ. ಆದರೆ ಹಿಂದಿನ ಖಾಸಗಿ ಸರ್ವೆಯ ಮೂಲೆಗಳೆಲ್ಲ ನನ್ನ ಅಳತೆಗಿಂತ ಸುಮಾರು ಎರಡು ಮೀಟರ್ ಈಶಾನ್ಯಕ್ಕಿದ್ದವು. ಪಕ್ಕದ ಹೊಲದವರು ಆಗಲೇ ಸಿಟ್ಟಾಗಿದ್ದರು.

ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಜರುಗಿದ್ದರೆ ದೋಷ ಮೂಲೆಗಳಲ್ಲಿರುವುದಿಲ್ಲ, ಬೇಸ್‌ನಲ್ಲಿರುತ್ತದೆ, ಅಂದರೆ ಎಲ್ಲ ಅಳತೆಗೂ ಆಧಾರವಾಗಿ ರಿಸೀವರ್ ನಿಲ್ಲಿಸಿದ ಬಿಂದುವಿನಲ್ಲಿ. ಹಿಂದಿನ ಸರ್ವೆಯವರು ಬೇಸ್‌ಗೆ ಜಿಪಿಎಸ್ ತಾನಾಗಿ ತೋರಿಸಿದ ಸ್ಥಾನವನ್ನೇ ಕೊಟ್ಟಿದ್ದರು; ಅದರಲ್ಲಿ ಕೆಲವು ಮೀಟರ್ ತಪ್ಪು ಸಹಜ. ಬದುವಿನ ಕಾಂಕ್ರೀಟಿನಲ್ಲಿ ಅವರ ಮೊಳೆ ಇನ್ನೂ ಇತ್ತು, ಪುಣ್ಯ! ಅದರ ಮೇಲೆ ರಿಸೀವರ್ ನಿಲ್ಲಿಸಿ, ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲಕ್ಕೆ (ನಿಖರ ಸ್ಥಾನ ಗೊತ್ತಿರುವ, ಸದಾ ಚಾಲೂ ಇರುವ ರಿಸೀವರ್‌ಗಳ ಜಾಲ) ಜೋಡಿಸಿ ನಿಜವಾದ ಸ್ಥಾನ ಪಡೆದೆ. ಬಂದ ವ್ಯತ್ಯಾಸವನ್ನು ಹಳೆಯ ಎಲ್ಲ ಬಿಂದುಗಳಿಂದಲೂ ಕಳೆದೆ. ಗಡಿಕಲ್ಲು ನನ್ನ ಅಳತೆಗೆ ಎರಡು-ಮೂರು ಸೆಂಟಿಮೀಟರ್ ವ್ಯತ್ಯಾಸದೊಳಗೆ ಕೂತಿತು.

ಟೇಪ್ ಅಳತೆ ಮಾತ್ರ ನಕ್ಷೆಯ ದೂರಕ್ಕಿಂತ ಇನ್ನೂ ತುಸು ಹೆಚ್ಚೇ ಬರುತ್ತಿತ್ತು. ಅದು ದೋಷವಲ್ಲ. ದುಂಡು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಯುಟಿಎಂ ಪದ್ಧತಿಯಲ್ಲಿ ಪುಣೆ 43ನೇ ವಲಯದಲ್ಲಿದೆ, ಮಧ್ಯರೇಖೆ 75 ಡಿಗ್ರಿ ಪೂರ್ವ ರೇಖಾಂಶ. ಇಲ್ಲಿ ನಕ್ಷೆಯ ದೂರ ನೆಲದ ದೂರಕ್ಕಿಂತ ಕಿಲೋಮೀಟರಿಗೆ ಕೆಲವು ಸೆಂಟಿಮೀಟರ್ ಕಡಿಮೆ. ಸಮುದ್ರಮಟ್ಟದಿಂದ ಇರುವ ಎತ್ತರ ಸೇರಿದರೆ ವ್ಯತ್ಯಾಸ ಇನ್ನೂ ಹೆಚ್ಚುತ್ತದೆ.

ಹೊಲ ಅಳೆಸುವವರು ವರದಿಯಲ್ಲಿ ಬೇಸ್ ಯಾವ ಜಾಲಕ್ಕೆ ಜೋಡಿಸಿದೆ, ಡೇಟಮ್ (ಸ್ಥಾನ ಲೆಕ್ಕಹಾಕಲು ಆಧಾರವಾಗಿ ಹಿಡಿದ ಭೂಮಿಯ ಮಾದರಿ) ಯಾವುದು ಎಂದು ದಯವಿಟ್ಟು ಬರೆಸಿಕೊಳ್ಳಿ.