ಹಳೆಯ ಮೇಜು, ಕುರ್ಚಿಗೆ ಹೊಸ ಮೆರುಗು: ಉಪ್ಪುಕಾಗದ ಹಿಡಿಯುವ ಮೊದಲು

ಮಂಕಾದ ಮೇಜಿಗೆ ಮೆರುಗು ಕೊಡಬೇಕು ಅನ್ನಿಸಿದ ಕೂಡಲೇ ಹೆಚ್ಚಿನವರ ಕೈ ಹೋಗುವುದು ಉಪ್ಪುಕಾಗದದ ಕಡೆಗೆ. ದಂಡದ ಖರ್ಚು ಶುರುವಾಗುವುದೂ ಅಲ್ಲಿಂದಲೇ. ಹಳೆಯ ಪಾಲಿಶ್ ಪೂರ್ತಿ ಕೆರೆದು ತೆಗೆದರೆ ಪುಟ್ಟಿ, ಬಣ್ಣ, ನಾಲ್ಕಾರು ಕೋಟ್ ವಾರ್ನಿಶ್ ಎಲ್ಲವೂ ಬೇಕಾಗುತ್ತವೆ. ಎಷ್ಟೋ ಸಲ ಅದರ ಅಗತ್ಯವೇ ಇರುವುದಿಲ್ಲ.

ಮೊದಲು ತೊಳೆಯಿರಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ದ್ರಾವಣ ಸಾಕು. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಹಿಂದೆಯೇ ಒಣಬಟ್ಟೆಯಿಂದ ಒರೆಸಿಕೊಂಡು ಬನ್ನಿ. ಸಂದಿನಲ್ಲಿ ನೀರು ನಿಂತರೆ ಹಳೆಯ ಅಂಟು ಬಿಡುತ್ತದೆ. ಒಣಗಿದ ಮೇಲೆ ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ವರ್ಷಗಟ್ಟಲೆ ಕೂತ ಮೇಣ, ಎಣ್ಣೆಯ ಜಿಡ್ಡು ಅದರಿಂದಲೇ ಹೋಗಬೇಕು. ಈ ಜಿಡ್ಡು ಉಳಿದರೆ ಮೇಲೆ ಹಚ್ಚಿದ ವಾರ್ನಿಶ್ ಹರಡದೆ ಅಲ್ಲಲ್ಲಿ ಗುಂಡಗೆ ಹಿಂದೆ ಸರಿದು ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ. ಮಂಕು ಎಂದುಕೊಂಡಿದ್ದರಲ್ಲಿ ಎಷ್ಟು ಬರೀ ಕೊಳೆ ಎಂಬುದು ಆಗ ಗೊತ್ತಾಗುತ್ತದೆ.

ಆಮೇಲೆ, ಮೇಲಿರುವ ಪದರ ಯಾವುದು ಎಂದು ಪತ್ತೆ ಮಾಡಿ. ಕಣ್ಣಿಗೆ ಬೀಳದ ಜಾಗದಲ್ಲಿ, ಅಂದರೆ ಕಾಲಿನ ಒಳಬದಿ ಅಥವಾ ಹಲಗೆಯ ಕೆಳಗೆ, ಒಂದು ಹನಿ ಸ್ಪಿರಿಟ್ (ಪಾಲಿಶ್‌ಗೆ ಬಳಸುವ ಮೆಥಿಲೇಟೆಡ್ ಸ್ಪಿರಿಟ್) ಬಿಟ್ಟು ಒಂದು ನಿಮಿಷ ಕಾಯಿರಿ. ಅಂಟಂಟಾದರೆ ಅದು ಅರಗಿನ ಪಾಲಿಶ್, ಬಡಗಿಗಳು ಫ್ರೆಂಚ್ ಪಾಲಿಶ್ ಎನ್ನುವುದು ಇದನ್ನೇ. ಏನೂ ಆಗದಿದ್ದರೆ ಪಕ್ಕದಲ್ಲಿ ಲ್ಯಾಕರ್ ಥಿನ್ನರ್ ಹನಿಸಿ. ಕರಗಿದರೆ ಲ್ಯಾಕರ್, ಸುಕ್ಕುಗಟ್ಟಿ ಎದ್ದರೆ ಎಣ್ಣೆಯ ವಾರ್ನಿಶ್ ಅಥವಾ ಬಣ್ಣ. ಎರಡಕ್ಕೂ ಜಗ್ಗದಿದ್ದರೆ ಪಾಲಿಯುರಿಥೇನಿನಂಥ (ಒಣಗಿ ಪ್ಲಾಸ್ಟಿಕ್‌ನಂತಾಗುವ ವಾರ್ನಿಶ್) ಗಟ್ಟಿ ಪದರ.

ಅರಗಿನ ಪಾಲಿಶ್ ಸಿಕ್ಕಿದರೆ ನಿಮ್ಮ ಅದೃಷ್ಟ. ಅದು ಎಷ್ಟು ಹಳೆಯದಾದರೂ ಸ್ಪಿರಿಟ್‌ನಲ್ಲಿ ಮತ್ತೆ ಕರಗುತ್ತದೆ. ಮೇಲ್ಮೈ ಸಣ್ಣಗೆ ಬಿರುಕು ಬಿಟ್ಟಿದ್ದರೆ ಕೆರೆಯಬೇಡಿ. ಮೃದುವಾದ ಬ್ರಷ್ಷನ್ನು ಸ್ಪಿರಿಟ್‌ನಲ್ಲಿ ಅದ್ದಿ, ಮರದ ಎಳೆಯ ಉದ್ದಕ್ಕೂ ಒಂದೊಂದೇ ಸಲ ಎಳೆಯಿರಿ. ಹಳೆಯ ಪದರವೇ ಕರಗಿ ಬಿರುಕು ಕೂಡಿಕೊಳ್ಳುತ್ತದೆ. ಹೋದಲ್ಲಿಗೇ ಮತ್ತೆ ಮತ್ತೆ ಹೋದರೆ ಅಂಟು ಎಳೆದು ಗೀರಾಗುತ್ತದೆ. ಒಂದು ಗಂಟೆ ಬಿಟ್ಟು ಮತ್ತೊಮ್ಮೆ ಮಾಡಿ.

ಕಲೆಯ ಬಣ್ಣ ನೋಡಿ ಮದ್ದು. ಬಿಸಿ ಲೋಟ ಇಟ್ಟ ಬಿಳಿ ಉಂಗುರ ಇರುವುದು ಮರದಲ್ಲಲ್ಲ, ಮೇಲಿನ ಪದರದಲ್ಲಿ ಸಿಕ್ಕಿಬಿದ್ದ ತೇವದಲ್ಲಿ. ಅರಗಿನ ಪಾಲಿಶ್ ಆದರೆ ಸ್ಪಿರಿಟ್ ಸೋಕಿಸಿದ, ಮುಟ್ಟಿದರೆ ಒದ್ದೆ ಎನ್ನಿಸದ ಬಟ್ಟೆಯನ್ನು ಮೇಲೆ ಹಗುರವಾಗಿ ಆಡಿಸಿದರೆ ಸಾಕು. ಕಪ್ಪು ಕಲೆ ಬೇರೆಯೇ. ನೀರಿನ ಜೊತೆ ಕಬ್ಬಿಣದ ಅಂಶ ಇಳಿದು ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಕಪ್ಪಾಗಿರುತ್ತದೆ, ಎಷ್ಟು ಉಜ್ಜಿದರೂ ಹಳ್ಳ ಬೀಳುತ್ತದೆಯೇ ಹೊರತು ಕಲೆ ಹೋಗುವುದಿಲ್ಲ. ಇಡೀ ಹಲಗೆಯ ಪಾಲಿಶ್ ತೆಗೆದು, ಒಂದು ಲೀಟರ್ ಬಿಸಿ ನೀರಿಗೆ ಸುಮಾರು 60 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿ. ಕಲೆಯ ಮೇಲಷ್ಟೇ ಹಚ್ಚಿದರೆ ಅಲ್ಲಿ ಬಿಳಿಚಿದ ಮಚ್ಚೆ ಉಳಿಯುತ್ತದೆ, ಇಡೀ ಹಲಗೆಗೆ ಹಚ್ಚಬೇಕು. ಒಣಗಿದ ಮೇಲೆ ಎರಡು ಮೂರು ಸಲ ನೀರಿನಿಂದ ತೊಳೆಯಿರಿ. ಇದು ವಿಷ: ಕೈಗವಸು, ಕನ್ನಡಕ ಬೇಕು. ತೊಳೆಯದೆ ಉಜ್ಜಿದರೆ ಆ ಪುಡಿ ಮೂಗು, ಗಂಟಲನ್ನು ಸುಡುತ್ತದೆ.

ಅಲುಗಾಡುವ ಕುರ್ಚಿಗೆ ಮೊಳೆ ಹೊಡೆಯಬೇಡಿ. ಮೊಳೆ ಮರವನ್ನು ಸೀಳುತ್ತದೆ, ನಾಲ್ಕು ತಿಂಗಳಿಗೆ ಮತ್ತೆ ಅಲುಗುತ್ತದೆ, ಆಮೇಲೆ ಸರಿಯಾಗಿ ಬಿಚ್ಚುವುದೂ ಕಷ್ಟ. ಸಂದನ್ನು ಬಿಚ್ಚಿ ಹಳೆಯ ಅಂಟನ್ನು ಚಾಕುವಿನಿಂದ ಕೆರೆದು ಮರ ಕಾಣುವಂತೆ ಮಾಡಿ. ಬಿಳಿ ಮರಗೋಂದು ಕೂರುವುದು ಮರದ ಮೇಲೆ, ಹಳೆಯ ಅಂಟಿನ ಮೇಲಲ್ಲ. ಗೋಂದು ಹಚ್ಚಿ ಕೂರಿಸಿದ ಮೇಲೆ ಕಾಲುಗಳ ಸುತ್ತ ಹಗ್ಗವನ್ನು ಎರಡು ಸುತ್ತು ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ. ಕ್ಲಾಂಪ್ ಕೊಳ್ಳುವ ಖರ್ಚಿಲ್ಲ. ಹಗ್ಗ ತಾಗುವಲ್ಲಿ ಬಟ್ಟೆ ಮಡಿಸಿಡಿ, ಕುರ್ಚಿ ಸಮತಟ್ಟಾದ ನೆಲದ ಮೇಲಿರಲಿ, 24 ಗಂಟೆ ಮುಟ್ಟಬೇಡಿ. ಹೊರಬಂದ ಗೋಂದನ್ನು ಮಾತ್ರ ಒಣಗುವ ಮೊದಲೇ, ಕೂಡಲೇ ಒದ್ದೆಬಟ್ಟೆಯಿಂದ ಪೂರ್ತಿ ಒರೆಸಿ. ಉಳಿದರೆ ಆ ಜಾಗ ಬಣ್ಣ ಹೀರದೆ ಬಿಳಿಯಾಗಿ ಎದ್ದು ಕಾಣುತ್ತದೆ.

ಇಷ್ಟೆಲ್ಲ ಆದ ಮೇಲೂ ಪದರ ಸಿಪ್ಪೆ ಏಳುತ್ತಿದ್ದರೆ ಮಾತ್ರ ಉಪ್ಪುಕಾಗದ. ಅದಕ್ಕೂ ಮೊದಲು ಹಲಗೆಯ ಅಂಚನ್ನು ನೋಡಿ. ಮೇಲಿನ ಎಳೆ ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ, ಅಂದರೆ ಪೂರ್ತಿ ಒಂದೇ ಮರದ ಹಲಗೆ. ಬೇರೆ ಪದರದ ಗೆರೆ ಕಂಡರೆ ವಿನೀರ್, ಅಂದರೆ ಬೇರೆ ಹಲಗೆಯ ಮೇಲೆ ಅಂಟಿಸಿದ ಮರದ ತೆಳು ಹಾಳೆ; ಈಗಿನ ಹೆಚ್ಚಿನವು ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪ ಅಷ್ಟೇ. ವಿನೀರ್ ಮೇಲೆ ಯಂತ್ರ ಬೇಡ, 180ಕ್ಕಿಂತ ಒರಟು ಕಾಗದವೂ ಬೇಡ (ಕಾಗದದ ಹಿಂದಿನ ಸಂಖ್ಯೆ ಕಡಿಮೆಯಾದಷ್ಟೂ ಅದು ಒರಟು). ಪೆನ್ಸಿಲ್‌ನಿಂದ ಹಗುರವಾಗಿ ಗೆರೆ ಎಳೆದು, ಅವು ಅಳಿದ ಕೂಡಲೇ ಉಜ್ಜುವುದನ್ನು ನಿಲ್ಲಿಸಿ. ಬಹಳ ಹಳೆಯ ಬಣ್ಣ ಇದ್ದರೆ ಅದರಲ್ಲಿ ಸೀಸ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಲೇಬಾರದು, ಮಕ್ಕಳು ಮತ್ತು ಗರ್ಭಿಣಿಯರು ಹತ್ತಿರ ಇರಬಾರದು.

ಗಟ್ಟಿ ಮರಕ್ಕೆ 80, 120, 180, 220 ಎಂಬ ಕ್ರಮ. ನಡುವಿನ ಸಂಖ್ಯೆ ಹಾರಿಸಿದರೆ 80ರ ಗೀರು ಹಾಗೇ ಉಳಿದು, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಪ್ರತಿ ಹಂತದಲ್ಲೂ ಸ್ಪಿರಿಟ್ ಬಟ್ಟೆಯಿಂದ ಒರೆಸಿ ಓರೆ ಬೆಳಕಿನಲ್ಲಿ ನೋಡಿದರೆ ಗೀರು ತಾನೇ ತೋರುತ್ತದೆ. ಉಜ್ಜುವುದು ಎಳೆಯ ಉದ್ದಕ್ಕೇ, ಅಡ್ಡಕ್ಕಲ್ಲ. ಹಲಗೆಯ ಕೊಯ್ದ ತುದಿ ಬಣ್ಣವನ್ನು ಹೆಚ್ಚು ಕುಡಿದು ಕಪ್ಪಾಗುತ್ತದೆ, ಅದನ್ನು 320ರ ತನಕ ನಯಗೊಳಿಸಿದರೆ ಹೀರುವುದು ತಗ್ಗುತ್ತದೆ.

ಅರಗಿನ ಪಾಲಿಶ್ ಮನೆಯಲ್ಲೇ ಮಾಡುವುದು ಎಲ್ಲಕ್ಕಿಂತ ಅಗ್ಗ. 500 ಮಿಲಿಲೀಟರ್ ಸ್ಪಿರಿಟ್‌ಗೆ 100 ಗ್ರಾಂ ಅರಗಿನ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ, ನಡುನಡುವೆ ಅಲುಗಿಸಿ, ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಗೆ ಹಳೆಯ ಹತ್ತಿ ಬಟ್ಟೆ ಸುತ್ತಿ ಹಚ್ಚಿ. ಒಂದು ದಪ್ಪ ಕೋಟ್‌ಗಿಂತ ಐದಾರು ತೆಳು ಕೋಟ್ ಮೇಲು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಿಳಿ ಮಬ್ಬು ಕಟ್ಟುತ್ತದೆ, ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಬಾಟಲಿಗೆ ತಾರೀಕು ಬರೆದಿಡಿ: ಆರು ತಿಂಗಳು ದಾಟಿದ್ದನ್ನು ಗಾಜಿನ ಮೇಲೆ ಒಂದು ಹನಿ ಹಾಕಿ ನೋಡಿ, ಒಣಗದೆ ಜಿಗುಟಾಗಿಯೇ ಇದ್ದರೆ ಚೆಲ್ಲಬೇಕು.

ಊಟದ ಮೇಜಿಗೆ ಮಾತ್ರ ಅರಗು ಸಲ್ಲದು, ಬಿಸಿಯೂ ನೀರೂ ಅದಕ್ಕೆ ಆಗುವುದಿಲ್ಲ. ಅಲ್ಲಿಗೆ ಪಾಲಿಯುರಿಥೇನ್. ಆರು ಅಡಿ ಉದ್ದ, ಮೂರು ಅಡಿ ಅಗಲದ ಹಲಗೆಗೆ ಮೂರು ಕೋಟ್‌ಗೆ ಅರ್ಧ ಲೀಟರ್ ಡಬ್ಬಿ ಸಾಕು, ದೊಡ್ಡದು ಕೊಂಡರೆ ಮಿಕ್ಕಿದ್ದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ. ಡಬ್ಬಿಯನ್ನು ಕುಲುಕಬೇಡಿ, ಕುಲುಕಿದರೆ ಎದ್ದ ಗುಳ್ಳೆ ಹಲಗೆಯ ಮೇಲೆ ಹಾಗೇ ಒಣಗುತ್ತದೆ; ಕಡ್ಡಿಯಿಂದ ನಿಧಾನವಾಗಿ ಕಲಕಿ. ಎರಡು ಕೋಟ್‌ಗಳ ನಡುವೆ 320ರಿಂದ ಹಗುರವಾಗಿ ಒರೆಸಿ ಧೂಳು ತೆಗೆಯಿರಿ. ಅರಗಿನಲ್ಲಿ ಸಹಜವಾಗಿಯೇ ಮೇಣ ಇರುತ್ತದೆ; ಆ ಮೇಣ ತೆಗೆಯದ ಅರಗಿನ ಮೇಲೆ ಪಾಲಿಯುರಿಥೇನ್ ಸರಿಯಾಗಿ ಹಿಡಿಯುವುದಿಲ್ಲ, ಸಿಪ್ಪೆಯಂತೆ ಬಿಡಬಹುದು.

ಅಗಸೆ ಎಣ್ಣೆ ಅಥವಾ ಎಣ್ಣೆಯ ವಾರ್ನಿಶ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆಯೊಳಗೆ ಅದು ಕೂಡಿಕೊಂಡು ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದುಂಟು. ಬಯಲಿನಲ್ಲಿ ಒಂದೇ ಪದರವಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ.

ಲ್ಯಾಮಿನೇಟ್ (ಮೇಲೆ ಪ್ಲಾಸ್ಟಿಕ್‌ನಂಥ ಹಾಳೆ ಅಂಟಿಸಿದ) ಕಪಾಟಿಗೆ ಬಣ್ಣವೇ ದಾರಿ. 220ರಿಂದ ಹೊಳಪು ಹೋಗುವಷ್ಟು ಉಜ್ಜಿ, ನಯವಾದ ಮೇಲ್ಮೈಗೆ ಹಿಡಿಯುವ ಪ್ರೈಮರ್ ಕೊಟ್ಟು, ಎರಡು ತೆಳು ಕೋಟ್ ಬಣ್ಣ ಹಚ್ಚಿ. ಮರದ ಮೇಲೆ ಬಿಳಿ ಬಣ್ಣ ಹಚ್ಚುವಾಗ ಹಳದಿ ಕಲೆ ಉಕ್ಕಿಬಂದರೆ ಅದು ಟ್ಯಾನಿನ್, ಇನ್ನೆಷ್ಟು ಬಣ್ಣ ಬಳಿದರೂ ನಿಲ್ಲದು. ಮೇಣ ತೆಗೆದ ಅರಗಿನ ಒಂದು ಕೋಟ್ ಕೊಟ್ಟು ತಡೆದ ಮೇಲೆಯೇ ಮತ್ತೆ ಬಣ್ಣ. ಮುಟ್ಟಿದರೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಭಾರದ ಹೂದಾನಿ ಇಟ್ಟರೆ ತೆಗೆಯುವಾಗ ಬಣ್ಣವೂ ಜೊತೆಗೆ ಬರುತ್ತದೆ.

ಬಿಗಿಯಾದ ಡ್ರಾಯರ್ ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿ, ಎಣ್ಣೆ ಹಾಕಬೇಡಿ, ಧೂಳು ಅಂಟುತ್ತದೆ. ಜೋತುಬಿದ್ದ ಬೆತ್ತದ ಆಸನ ಹರಿಯದಿದ್ದರೆ ಬದಲಿಸುವ ಮೊದಲು ಕುರ್ಚಿಯನ್ನು ಬೋರಲು ಹಾಕಿ, ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ತಳಬದಿಗೆ ಅರ್ಧ ಗಂಟೆ ಹೊದಿಸಿ. ಮೇಲ್ಭಾಗದಲ್ಲಿ ಹೊಳೆಯುವ ಸಿಪ್ಪೆ ಇರುವುದರಿಂದ ಅಲ್ಲಿ ನೀರು ಇಳಿಯುವುದಿಲ್ಲ. ಒಂದೆರಡು ದಿನ ಯಾರೂ ಕೂರದಂತೆ ಒಣಗಲು ಬಿಟ್ಟರೆ ಬೆತ್ತ ಕುಗ್ಗಿ ಆಸನ ಬಿಗಿಯಾಗುತ್ತದೆ.