ಅಂಗಡಿ ಸ್ಟಾಫ್‌ಗೆ ಬೆಂಕಿಯ ಪಾಠ ಹೇಳಿಕೊಡೋದು ಹೇಗೆ?

ನಾಳೆ ಬೆಳಿಗ್ಗೆ ಅಂಗಡಿ ತೆರೆದ ತಕ್ಷಣ ಒಂದು ಕೆಲಸ ಮಾಡಿ. ಬಿಲ್ಲಿಂಗ್ ಕೌಂಟರಿನ ಹುಡುಗಿಯನ್ನು ಕರೆದು, "ಬೆಂಕಿ ಆರಿಸೋ ಸಿಲಿಂಡರ್ ಎಲ್ಲಿದೆ ತೋರಿಸಮ್ಮ" ಅಂತ ಕೇಳಿ. ನಾನು ಹಿಂದೆ ಇದ್ದ ಬಟ್ಟೆ ಅಂಗಡಿಯಲ್ಲಿ ಹೀಗೆ ಕೇಳಿದಾಗ ಎಂಟು ಜನರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಸೀರೆ ಉಡಿಸಿದ್ದ ಬೊಂಬೆಯ ಹಿಂದೆ ಇತ್ತು ಅದು. ಪಿನ್ ಎಳೆದು ನೋಡಿದವರು ಒಬ್ಬರೂ ಇರಲಿಲ್ಲ. ಆ ದಿನ ನಿಜಕ್ಕೂ ಭಯ ಆಯಿತು.

ಆದರೆ ಪಾಠ ಸಿಲಿಂಡರಿನಿಂದ ಶುರು ಮಾಡಬೇಡಿ, ಬಾಗಿಲಿನಿಂದ ಶುರು ಮಾಡಿ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಅನ್ನೋ ಬಹುಮಹಡಿ ಕಟ್ಟಡದಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಅಲ್ಲಿ ಕಟ್ಟಡದ ತುಂಬ ಹೊಗೆ ತುಂಬಿ, ಇಳಿಯಲು ದಾರಿ ಸಿಗದೆ, ಕೆಲವರು ಮೇಲಿನ ಮಹಡಿಗಳಿಂದ ಹಾರಿದರು. ಹಾಗಾಗಿ ಪ್ರತಿಯೊಬ್ಬರೂ ತಮ್ಮ ಕೌಂಟರಿನಿಂದ ಹಿಂಬಾಗಿಲಿನವರೆಗೆ ಒಮ್ಮೆ ನಡೆದು ನೋಡಲಿ. ಬಾಗಿಲು ತೆರೆಯುತ್ತಾ? ಬೀಗದ ಕೀ ಯಾರ ಹತ್ತಿರ ಇದೆ? ದೀಪಾವಳಿ ಸ್ಟಾಕ್ ಬಂದಾಗ ರಟ್ಟಿನ ಡಬ್ಬಗಳನ್ನು ಮೆಟ್ಟಿಲ ಮೇಲೇ ಪೇರಿಸ್ತೀವಿ ಅಲ್ವಾ, ಅದೊಂದನ್ನು ನಿಲ್ಲಿಸಿದರೆ ಅರ್ಧ ಗಂಡಾಂತರ ಕಳೆದ ಹಾಗೆ. ಕರೆಂಟಿನ ಶಟರ್ ಇದ್ದರೆ, ಕರೆಂಟ್ ಹೋದಾಗ ಅದನ್ನು ಕೈಯಲ್ಲಿ ಎತ್ತೋದು ಹೇಗೆ ಅಂತ ಎಲ್ಲರಿಗೂ ತೋರಿಸಿ.

ಆಮೇಲೆ ಕೆಲಸ ಹಂಚಿ. 101 ಅಥವಾ 112ಕ್ಕೆ ಫೋನ್ ಮಾಡೋರು ಒಬ್ಬರು, ಮೇನ್ ಸ್ವಿಚ್ ಆಫ್ ಮಾಡೋರು ಒಬ್ಬರು. ಟ್ರಯಲ್ ರೂಮ್, ಟಾಯ್ಲೆಟ್ ಬಾಗಿಲು ಬಡಿದು ಗಿರಾಕಿಗಳನ್ನು ಹೊರಗೆ ಕಳಿಸೋಕೆ ಇನ್ನೊಬ್ಬರು. ಅವರು ರಜೆ ಇದ್ದ ದಿನ ಯಾರು ಅನ್ನೋದೂ ಆಗಲೇ ತೀರ್ಮಾನ ಆಗಲಿ. ಅಂಗಡಿಯ ವಿಳಾಸವನ್ನು, ಪಕ್ಕದ ದೇವಸ್ಥಾನವೋ ಬಸ್ ಸ್ಟಾಪೋ ಏನಿದೆಯೋ ಅದರ ಹೆಸರಿನ ಜೊತೆ, ಫೋನಿನ ಪಕ್ಕ ಬರೆದು ಅಂಟಿಸಿ. ಗಾಬರಿಯಲ್ಲಿ ನಮ್ಮ ರಸ್ತೆಯ ಹೆಸರೇ ನೆನಪಿಗೆ ಬರೋಲ್ಲ.

ಈಗ ಸಿಲಿಂಡರ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರೋದು ಎಬಿಸಿ ಪೌಡರಿನದು, ಅಂದ್ರೆ ಬಟ್ಟೆ-ಕಾಗದ, ಎಣ್ಣೆ-ಪೆಟ್ರೋಲ್, ಗ್ಯಾಸ್ ಈ ಮೂರೂ ಬಗೆಯ ಬೆಂಕಿಗೆ ಆಗೋ ಪುಡಿ. ಸಿಲಿಂಡರಿನ ಮೇಲಿರೋ ಒತ್ತಡದ ಮೀಟರಿನ ಮುಳ್ಳು ಹಸಿರು ಭಾಗದಲ್ಲಿದೆಯಾ ನೋಡಿ. ಬಾಗಿಲು ನಿಮ್ಮ ಬೆನ್ನ ಹಿಂದೆ ಇರುವಂತೆ, ಬೆಂಕಿಯಿಂದ ಎರಡು ಮೂರು ಮೀಟರ್ ದೂರ ನಿಂತು ಪಿನ್ ಎಳೆಯಿರಿ. ಪೈಪನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ, ಜ್ವಾಲೆಗಲ್ಲ. ಹಿಡಿ ಒತ್ತಿ, ಆ ಕಡೆ ಈ ಕಡೆ ಬೀಸಿ. 6 ಕೆಜಿ ಸಿಲಿಂಡರ್ ಖಾಲಿಯಾಗೋಕೆ ಅರ್ಧ ನಿಮಿಷವೂ ಬೇಕಾಗಿಲ್ಲ. ಆರಲಿಲ್ಲ ಅಂದ್ರೆ ಬಿಟ್ಟು ಹೊರಗೆ ಬನ್ನಿ. ಹೊಗೆ ಜಾಸ್ತಿ ಇದ್ದರೆ ಬಗ್ಗಿಕೊಂಡು ಬನ್ನಿ, ಲಿಫ್ಟ್ ಹತ್ತಿರ ಹೋಗಲೇಬೇಡಿ. ಗಲ್ಲಾ ಪೆಟ್ಟಿಗೆ ತರೋಕೆ ವಾಪಸ್ ಹೋಗಬಾರದು ಅಂತ ಮಾಲೀಕರೇ ಬಾಯಿಬಿಟ್ಟು ಹೇಳಬೇಕು, ಇಲ್ಲಾಂದ್ರೆ ಕೆಲಸದ ಭಯಕ್ಕೆ ಯಾವುದಾದರೂ ಹುಡುಗ ಒಳಗೆ ಓಡೇ ಓಡುತ್ತಾನೆ. ಕರೆಂಟ್ ಬೋರ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು ಅನ್ನೋದನ್ನೂ ಮರೆಯದೆ ಹೇಳಿ.

ಬಾಯಲ್ಲಿ ಹೇಳಿದ್ದು ಕೈಗೆ ಬರೋಲ್ಲ. ನನಗೆ ತುಂಬ ಉಪಯೋಗಕ್ಕೆ ಬಂದ ಉಪಾಯ ಇದು: ರೀಫಿಲ್‌ಗೆ ಕಳಿಸೋ ಸಮಯ ಬಂದ ಸಿಲಿಂಡರನ್ನು ಸುಮ್ನೆ ಕಳಿಸಬೇಡಿ, ಹೊರಗಡೆ ಬಯಲಲ್ಲಿ ಸ್ಟಾಫ್ ಕೈಗೆ ಕೊಟ್ಟು ಒತ್ತಿಸಿ. ಆ ಸದ್ದು, ಆ ಭಾರ, ಮುಖಕ್ಕೆ ಬರೋ ಪುಡಿ, ಒಮ್ಮೆ ಅನುಭವಿಸಿದವರು ಆಮೇಲೆ ಹೆದರಿ ಹಿಂದೆ ಸರಿಯೋದು ಕಡಿಮೆ. ಆದರೆ ಆ ಹೊತ್ತಿನಲ್ಲಿ ಗೋಡೆಯ ಮೇಲೆ ಇನ್ನೊಂದು ತುಂಬಿದ ಸಿಲಿಂಡರ್ ಇರಲೇಬೇಕು. ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಅದಕ್ಕೆ ಮೊದಲೇ ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ, ನಮ್ಮ ಸ್ಟಾಫ್‌ಗೂ ಒಮ್ಮೆ ತೋರಿಸಿಕೊಡಿ ಸಾರ್ ಅಂತ ಕೇಳಿ.

ಹೊಸಬರು ಸೇರಿದ ದಿನವೇ, ಬಿಲ್ಲಿಂಗ್ ಮೆಷಿನ್ ಕಲಿಸೋ ಮೊದಲು, ಹಿಂಬಾಗಿಲನ್ನು ಅವರ ಕೈಯಿಂದಲೇ ತೆರೆಸಿ.