ಕಲ್ಲು ಹೇಳಿದ್ದು ಎಡಗಡೆ, ನಾನು ಊಹಿಸಿದ್ದು ಬಲಗಡೆ

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್, ಗುಂಬಜ್, ಸಂಗಮ ನೋಡ್ಕೊಂಡು ವಾಪಸ್ ಬಂದ್ಬಿಡ್ತಾರೆ. ಬೆಂಗಳೂರು-ಮೈಸೂರು ಹಳೇ ರೋಡಿಂದ ಸ್ವಲ್ಪ ಒಳಗೆ, ಕಾವೇರಿ ದಡದಲ್ಲಿ ಗ್ಯಾರಿಸನ್ ಸಿಮೆಟ್ರಿ ಅಂತ ಇದೆ, ಇಂಗ್ಲಿಷರ ಕಾಲದ ಸೈನ್ಯದವರ ಸ್ಮಶಾನ, 300ಕ್ಕೂ ಹೆಚ್ಚು ಗೋರಿಗಳು, ಅಲ್ಲಿಗೆ ಹೋಗೋರು ಕಡಿಮೆ. ನಾನು ಒಂಬತ್ತು ವರ್ಷದಿಂದ ಹೋಗ್ತಾ ಇದೀನಿ. ಇಂಥ ಹಳೇ ಗೋರಿಗಳ ಮುಂದೆ ಕೂತು ಒಳಗಿರೋರು ಹೇಗೆ ಬದುಕಿದ್ರು ಅಂತ ಬರೆದಿಟ್ಕೊಳ್ಳೋದು ನನ್ನ ಅಭ್ಯಾಸ. ಹೇಗೆ ಮಾಡ್ತೀನಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೇ ಇದು.

ಮೊದಲು ಓದೋದು. ಬೆಳಗ್ಗೆ ಏಳು ಗಂಟೆ ಆಸುಪಾಸಿಗೆ ಹೋಗಿ, ಆಗ ಬಿಸಿಲು ಓರೆಯಾಗಿ ಬೀಳುತ್ತೆ, ಸವೆದು ಹೋಗಿರೋ ಅಕ್ಷರದ ಗುಳಿಯಲ್ಲೂ ನೆರಳು ನಿಲ್ಲುತ್ತೆ, ಅದೇ ಕಲ್ಲು ಮಧ್ಯಾಹ್ನ ನೋಡಿದ್ರೆ ಬೋಳು ಚಪ್ಪಡಿ. ಮರದ ನೆರಳಲ್ಲಿರೋ ಕಲ್ಲಿಗೆ ಮನೆಯಿಂದ ಒಂದು ಸಣ್ಣ ಕನ್ನಡಿ ತಗೊಂಡು ಹೋಗ್ತೀನಿ, ಬಿಸಿಲಲ್ಲಿ ಹಿಡಿದು ಪಕ್ಕದಿಂದ ಬೆಳಕು ಬಿಟ್ರೆ ಸಾಕು. ದಯವಿಟ್ಟು ಸೀಮೆಸುಣ್ಣ, ಹಿಟ್ಟು, ತಂತಿ ಬ್ರಶ್ ಯಾವುದೂ ಬೇಡ. ಸುಣ್ಣದ ಗಾರೆ ಒಂದ್ಸಲ ಉದುರಿದ್ರೆ ಉದುರಿದ್ದೇ.

ಆಮೇಲೆ ನೋಟ್‌ಬುಕ್. ಎಡಗಡೆ ಪುಟದಲ್ಲಿ ಕಲ್ಲು ಏನು ಹೇಳುತ್ತೋ ಅಷ್ಟೇ, ಹೆಸರು, ತಾರೀಕು, ವಯಸ್ಸು, ಕಲ್ಲು ಹಾಕಿಸಿದೋರು ಯಾರು. ಬಲಗಡೆ ಪುಟ ನನ್ನ ಊಹೆಗೆ. ಎರಡನ್ನೂ ಕಲಸಬಾರದು ಅನ್ನೋದನ್ನ ನಾನು ಒಂದು ಮಗುವಿನ ಗೋರಿಯಿಂದ ಕಲಿತೆ.

ಅದು ಮಲೆನಾಡಿನ ಕಡೆ ಒಂದು ಸಣ್ಣ ಚರ್ಚ್ ಹಿಂದಿನ ಸ್ಮಶಾನ. ಮೊಣಕಾಲೆತ್ತರದ ಕಲ್ಲು, ವಯಸ್ಸು ಒಂದು ವರ್ಷ ಮೂರು ತಿಂಗಳು ಒಂಬತ್ತು ದಿನ ಅಂತ ದಿನದ ಲೆಕ್ಕ ಸಮೇತ ಕೆತ್ತಿಸಿದ್ರು. ನಾನು ಅವತ್ತು ರಾತ್ರಿ ಮೂರು ಪುಟ ಬರೆದೆ, ತಾಯಿ ಹೇಗೆ ಅತ್ತಳು, ತೊಟ್ಟಿಲು ಖಾಲಿ ಆದ ಮನೇಲಿ ಹೇಗೆ ಓಡಾಡಿದಳು ಅಂತೆಲ್ಲ. ಎಷ್ಟೋ ತಿಂಗಳಾದ ಮೇಲೆ ಆ ಕಾಲದ ಸಮಾಧಿ ರಿಜಿಸ್ಟರ್ ನೋಡೋಕೆ ಸಿಕ್ತು. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳಿಂದ ಬ್ಯಾಪ್ಟಿಸಂ, ಮದುವೆ, ಸಮಾಧಿ ಇವುಗಳ ಪ್ರತಿ ಲಂಡನ್ನಿಗೆ ಹೋಗ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಅನ್ನೋ ಸರಣಿಯಲ್ಲಿವೆ. ಅದರಲ್ಲಿ ಮಗುವಿನ ತಾಯಿ ಹೆಸರು ಹಿಂದಿನ ವರ್ಷದ ಪುಟದಲ್ಲೇ ಇತ್ತು. ಕಲ್ಲಿನ ಮೇಲಿನ ವಯಸ್ಸು ಹಿಂದಕ್ಕೆ ಲೆಕ್ಕ ಹಾಕಿದ್ರೆ, ಮಗು ಹುಟ್ಟಿದ ಆರನೇ ದಿನಕ್ಕೇ ತಾಯಿ ತೀರ್ಕೊಂಡಿದ್ದಾಳೆ. ಅತ್ತಳು ಅಂತ ನಾನು ಬರೆದ ತಾಯಿ ಅಲ್ಲಿ ಇರಲೇ ಇಲ್ಲ.

ಆ ಕಲ್ಲಿನ ಕೆಳಗಡೆ "ತಂದೆ ನಿಲ್ಲಿಸಿದ್ದು" ಅಂತ ಇಂಗ್ಲಿಷಲ್ಲಿ ಸ್ಪಷ್ಟವಾಗಿತ್ತು. ತಂದೆ ತಾಯಿ ಇಬ್ಬರೂ ಇದ್ದಿದ್ರೆ ಸಾಮಾನ್ಯವಾಗಿ ಇಬ್ಬರ ಹೆಸರೂ ಬರುತ್ತೆ. ನಾನು ಅದನ್ನ ಓದಿಯೂ ದಾಟಿ ಹೋಗಿದ್ದೆ.

ಮತ್ತೆ ಹೊಸದಾಗಿ ಬರೆದೆ. ತಾಯಿ ಇಲ್ಲದ ಹದಿನೈದು ತಿಂಗಳು ಆ ಮಗುವನ್ನ ಎತ್ತಿ ಆಡಿಸಿದ್ದು ಯಾರು? ಅಂಥ ಇಂಗ್ಲಿಷ್ ಮನೆಗಳಲ್ಲಿ ಆಯಾ ಇರ್ತಿದ್ಲು, ಹಾಲೂಡಿಸೋಕೆ ಊರಿನ ಬಾಣಂತಿಯರನ್ನ ಕರೆಸ್ತಿದ್ರು. ಒಂದು ವರ್ಷ ದಾಟಿದ ಮಗು ಒಂದೆರಡು ಮಾತು ಕಲಿತಿರುತ್ತೆ ಅಲ್ವಾ, ಆ ಮಾತು ಕನ್ನಡದ್ದೇ ಇರಬಹುದು, "ಅವ್ವ" ಅಂತಲೇ ಯಾರನ್ನೋ ಕರೆದಿರಬಹುದು. ಇದು ಬಲಗಡೆ ಪುಟದ್ದು, ಸಾಕ್ಷಿ ಇಲ್ಲ. ಆದ್ರೆ ಎಡಗಡೆ ಪುಟದಲ್ಲಿರೋ ಯಾವುದಕ್ಕೂ ಇದು ವಿರುದ್ಧ ಇಲ್ಲ, ನನಗೆ ಅಷ್ಟು ಸಾಕು.

ಶ್ರೀರಂಗಪಟ್ಟಣದಲ್ಲಿ ಬೇರೆ ಥರದ ಕೆಲಸ, ಅಲ್ಲಿ ಒಬ್ಬೊಬ್ಬರ ಹಿಂದೆ ಇಡೀ ರೆಜಿಮೆಂಟಿನ ಕಥೆ ಇದೆ. ಡಿ ಮ್ಯೂರಾನ್ ರೆಜಿಮೆಂಟಿನವರ ಗೋರಿಗಳು ಅಲ್ಲಿ ಬಹಳ. ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಕಡೆಯ ಕರ್ನಲ್ ಒಬ್ಬರು 1781ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗೋಸ್ಕರ ಕಟ್ಟಿದ ಕೂಲಿ ಪಡೆ ಅದು. ಆಫ್ರಿಕಾದ ಕೇಪ್, ಅಲ್ಲಿಂದ ಸಿಲೋನ್, 1795ರಲ್ಲಿ ಇಂಗ್ಲಿಷರ ಸಂಬಳಕ್ಕೆ ಬಂದ್ರು, 1799ರ ಮೇ 4ಕ್ಕೆ ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಇಲ್ಲಿದ್ರು. ಫ್ರೆಂಚ್ ಮಾತಾಡೋ ಊರಿನಿಂದ ಬಂದವರು ಇಂಗ್ಲಿಷರ ಪರ ಹೊಡೆದಾಡ್ತಿದ್ರೆ, ಟಿಪ್ಪು ಕಡೆಗೂ ಫ್ರೆಂಚ್ ಸೈನಿಕರಿದ್ರು. ಗೋಡೆ ಆಚೆಯಿಂದ ತನ್ನದೇ ಭಾಷೆಯ ಕೂಗು ಕೇಳಿದಾಗ ಈ ಪಡೆಯ ಸೈನಿಕನಿಗೆ ಏನನ್ನಿಸಿರಬೇಕು, ಇದನ್ನ ನಾನು ನಾಲ್ಕು ಸಲ ಬರೆದು ಹೊಡೆದು ಹಾಕಿದೀನಿ, ಇನ್ನೂ ಸರಿ ಬಂದಿಲ್ಲ.

ಅಲ್ಲಿ ತಾರೀಕುಗಳನ್ನ ಸಾಲಾಗಿ ನೋಡ್ಬೇಕು. ಯುದ್ಧ ಮುಗಿದ ಮೇಲಿನ ವರ್ಷಗಳದ್ದೂ ಗೋರಿ ಇವೆ, ಹೆಂಗಸರದ್ದು ಮಕ್ಕಳದ್ದೂ ಇವೆ. ಸುತ್ತ ಹೊಳೆ, ಗದ್ದೆ ಇರೋ ದ್ವೀಪ, ಮಳೆಗಾಲ ಮುಗಿದ್ರೆ ಜ್ವರ, ಅದು ಕೆಟ್ಟ ಗಾಳಿಯಿಂದ ಬರುತ್ತೆ ಅಂತ ಅವರು ನಂಬಿದ್ರು. ಸೊಳ್ಳೆಯಿಂದ ಮಲೇರಿಯಾ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದಿದ್ದು 1897ರಲ್ಲಿ. ಹಾಗಾಗಿ ನನ್ನ ಬಲಗಡೆ ಪುಟದಲ್ಲಿ ಗಾಳಿ ಬರಬಾರದು ಅಂತ ಸಂಜೆ ಕಿಟಕಿ ಮುಚ್ಚೋ ಹೆಂಗಸು ಬರಬಹುದು, ಸೊಳ್ಳೆಗೆ ಹೆದರೋ ಹೆಂಗಸು ಬರೋ ಹಾಗಿಲ್ಲ. ಇಲ್ಲಿನ ಹವೆ ತಡೆಯೋಕಾಗದೆ 1809ರಲ್ಲಿ ಇಂಗ್ಲಿಷರು ತಮ್ಮ ಪಡೆಯನ್ನ ಬೆಂಗಳೂರಿಗೆ ಸಾಗಿಸಿದ್ರು, ಕಂಟೋನ್ಮೆಂಟ್ ಹುಟ್ಟಿದ್ದೇ ಹಾಗೆ.

ಒಂದು ವಿಷಯ ನನ್ನನ್ನ ಬಿಡೋದಿಲ್ಲ. ಅದೇ ಮೇ 4ಕ್ಕೆ ಕೋಟೆ ಒಳಗೆ ಸತ್ತ ನಮ್ಮ ಕಡೆಯ ಸಾವಿರಾರು ಸಿಪಾಯಿಗಳಿಗೆ ಒಬ್ಬೊಬ್ಬರ ಹೆಸರಿನ ಕಲ್ಲಿಲ್ಲ. ದನಗಳನ್ನ ಕಳ್ಳರಿಂದ ಉಳಿಸೋಕೆ ಹೋಗಿ ಸತ್ತವನಿಗೂ ವೀರಗಲ್ಲು ನಿಲ್ಲಿಸಿ ಯಾವ ಊರು, ಯಾರ ಮಗ, ಯಾರ ದನ ಅಂತ ಕೆತ್ತಿಸಿದ ನಾಡು ಇದು. ಹಾಗಾಗಿ ಸಿಮೆಟ್ರಿಗೆ ಹೋದಾಗೆಲ್ಲ ಕೋಟೆ ಗೋಡೆ ಒಡೆದ ಜಾಗಕ್ಕೂ ಹೋಗಿ ಹತ್ತು ನಿಮಿಷ ಕೂತು ಬರ್ತೀನಿ, ನೋಟ್‌ಬುಕ್ ತೆಗೆಯಲ್ಲ. ಎಡಗಡೆ ಪುಟಕ್ಕೆ ಬರೆಯೋಕೆ ಏನೂ ಇಲ್ಲದೆ ಬಲಗಡೆ ತುಂಬಿಸೋಕೆ ನನಗೆ ಮನಸ್ಸು ಬರಲ್ಲ.

ಈಗೀಗ ನಾನು ಹೆಚ್ಚು ಹುಡುಕೋದು ಕೆತ್ತಿದವನನ್ನ. ಹಳೇ ಇಂಗ್ಲಿಷ್ ಗೋರಿಗಳಲ್ಲಿ ಗಮನಿಸಿ, ಕೆಲವು ಕಡೆ ಸಾಲಿನ ಕೊನೆಗೆ ಜಾಗ ಸಾಲದೆ ಅಕ್ಷರಗಳು ಇರುಕಿಕೊಂಡು ನಿಂತಿರ್ತವೆ, ಒಂದು ಪದ ಎಲ್ಲೋ ತುಂಡಾಗಿ ಕೆಳಗೆ ಇಳಿದಿರುತ್ತೆ. ಆ ಮಗುವಿನ ಕಲ್ಲಲ್ಲಿ ಎನ್ ಅಕ್ಷರ ಎರಡು ಕಡೆ ಉಲ್ಟಾ ಇದೆ. ಯಾರೋ ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ, ಆ ಲಿಪಿ ಓದೋಕೆ ಬರದ ನಮ್ಮ ಕಲ್ಲುಕುಟಿಗ ಒಬ್ಬ ಚಿತ್ರ ನೋಡಿ ಬರೆದ ಹಾಗೆ ಒಂದೊಂದೇ ಗೆರೆ ಉಳಿಯಲ್ಲಿ ಇಳಿಸಿದ್ದಾನೆ. ಶ್ರೀರಂಗಪಟ್ಟಣದಿಂದ ದೂರವೇನಿಲ್ಲ ಸೋಮನಾಥಪುರ, ಅಲ್ಲಿ 13ನೇ ಶತಮಾನದ ಮಲ್ಲಿತಮ್ಮ ತಾನು ಕಡೆದ ಮೂರ್ತಿಗಳ ಕೆಳಗೆ ತನ್ನ ಹೆಸರು ಹಾಕ್ಕೊಂಡಿದ್ದಾನೆ. ಇವನು ಹಾಕ್ಕೊಂಡಿಲ್ಲ. ಒಂದು ವರ್ಷ ಮೂರು ತಿಂಗಳು ಒಂಬತ್ತು ದಿನ ಅಂತ ತಾನು ಕೆತ್ತುತಾ ಇದೀನಿ ಅಂತ ಅವನಿಗೆ ಯಾರಾದ್ರೂ ಹೇಳಿದ್ರಾ? ಅವನಿಗೂ ಒಂದು ಪುಟ ತೆಗೆದಿಟ್ಟಿದೀನಿ. ಎಡಗಡೆ ಒಂದೇ ಸಾಲು, ಎನ್ ಎರಡು ಕಡೆ ಉಲ್ಟಾ ಅಂತ. ಬಲಗಡೆ ಇನ್ನೂ ಬರೀತಾ ಇದೀನಿ.